ಎರಿ ನೆಲದವರು ಉಸುಕಿಗೆ ಹೋದಾಗ

(ಧಾರವಾಡದಲ್ಲಿ ಚಾರಣ, ಗಾಡಿ ಪ್ರವಾಸದ ಹುಚ್ಚಿರುವ ಗೆಳೆಯರ ಮುಂದೆ, ರಾಜಸ್ಥಾನದ ಥಾರ್ ಮರುಭೂಮಿಯ ಉಸುಕಿನಲ್ಲಿ ಗಾಡಿ ಓಡಿಸುವುದರ ಬಗ್ಗೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಮಾತು ಅಲ್ಲಲ್ಲಿ ಹಾದಿ ಬಿಟ್ಟಿದೆ; ತಿದ್ದಲು ಹೋಗಿಲ್ಲ.)

ಮೇಜಿನ ಮೇಲೆ ಇಟ್ಟ ಸಾಮಾನು ನೋಡಿ ಮುಂದಿನ ಸಾಲಿನ ಹಿರಿಯರೊಬ್ಬರು, "ಏನ್ರಿ ಸರ, ಪಂಕ್ಚರ್ ಅಂಗಡಿ ತೆಗದೀರೇನು?" ಅಂದರು. ಅವರ ತಪ್ಪಿಲ್ಲ. ಟೈರಿನ ಗಾಳಿ ಅಳೆಯುವ ಗೇಜು, ಗಾಡಿಯ ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್, ಸಲಿಕೆ, ನಾಲ್ಕು ಗೋಣಿಚೀಲ, ಹಗ್ಗ, ಒಂದು ಡಬ್ಬಿ ಖಡಕ್ ರೊಟ್ಟಿ. ಮರುಭೂಮಿ ಅಂದ ಕೂಡಲೇ ಒಂಟೆಯ ಫೋಟೊ ತೋರಿಸುತ್ತಾನೆ ಅಂದುಕೊಂಡು ಬಂದವರಿಗೆ ಬೇಸರವಾಗಬಹುದು. ಫೋಟೊ ಕೊನೆಗೆ, ಕರೆಂಟು ಇದ್ದರೆ.

ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ನೀವು ದಿನಾ ನೋಡುವ 48ನೇ ರಾಷ್ಟ್ರೀಯ ಹೆದ್ದಾರಿ ಬೆಳಗಾವಿ, ಪುಣೆ, ಸೂರತ್ ದಾಟಿ ಅಹಮದಾಬಾದಿಗೆ ಹೋಗುತ್ತದೆ. ಅಲ್ಲಿಂದಾಚೆ ಎಡಕ್ಕೆ ಹೊರಳಿ ಬಾಡಮೇರ್ ಮೇಲೆ ಜೈಸಲ್ಮೇರ್. ಒಟ್ಟು ಸುಮಾರು 1700 ಕಿಲೋಮೀಟರ್, ಆರಾಮಾಗಿ ಹೋದರೆ ಮೂರು ದಿನ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಲಾರಿಗಳು ದಿನಾ ಹೋಗುತ್ತವೆ. ನಾನು ಮಾತಾಡಬೇಕಿರುವುದು ಡಾಂಬರು ಮುಗಿದ ಮೇಲಿನ ಎಂಬತ್ತು ಕಿಲೋಮೀಟರ್ ಬಗ್ಗೆ.

ಮೊದಲ ಸಲ ಹೊರಡುವ ಮುಂಚೆ ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ಬಾಡಮೇರ್ ಕಡೆಯ ಹಿರಿಯರೊಬ್ಬರನ್ನು ಹಾದಿ ಕೇಳಲು ಹೋಗಿದ್ದೆ. ನಲವತ್ತು ವರ್ಷದಿಂದ ಹುಬ್ಬಳ್ಳಿಯಲ್ಲೇ ಇದ್ದವರು. ನಕ್ಷೆ ಬಿಡಿಸಿದೆ. ಅವರು ನೋಡಲೇ ಇಲ್ಲ. "ಹೋಗೂದು ಯಾರರ ಹೇಳ್ತಾರ್ರಿ. ಹೊಳ್ಳಿ ಬರೂದು ಹ್ಯಾಂಗಂತ ಕೇಳ್ಕೊಂಡು ಹೋಗ್ರಿ" ಅಂದು ಚಹಾ ತರಿಸಿದರು. ನಾನು ಚಹಾ ಕುಡಿದು ಬಂದೆ. ಮಾತು ಅಲ್ಲೇ ಬಿಟ್ಟು ಬಂದೆ.

ಆ ಮಾತು ನೆನಪಾದದ್ದು ಖುರಿಯಲ್ಲಿ. ಜೈಸಲ್ಮೇರಿನ ನೈಋತ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಹಳ್ಳಿ. ಡಿಸೆಂಬರ್, ಬೆಳಗಿನ ಹನ್ನೊಂದು. ಒಂದೇ ಗಾಡಿ, ಇಬ್ಬರು ನಾವು, ಟೈರಿನಲ್ಲಿ ಹೆದ್ದಾರಿಗೆ ಹಾಕಿಸಿದ 33 ಪಿಎಸ್‌ಐ ಗಾಳಿ. ಹಳ್ಳಿ ಬಿಟ್ಟು ಎರಡು ಕಿಲೋಮೀಟರ್ ಹೋಗಿರಲಿಲ್ಲ, ಗಾಡಿ ನಿಂತಿತು. ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ: ಆಕ್ಸಲರೇಟರ್ ಒತ್ತಿದೆ. ಗಾಲಿ ತಿರುಗಿ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಂಡಿತು. ಚಾಸಿ ಉಸುಕಿನ ಮೇಲೆ ಕುಂತಿತು. ಕುರಿ ಕಾಯುವ ಹುಡುಗನೊಬ್ಬ ಬಂದ, ನಗಲಿಲ್ಲ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ "ಹವಾ" ಅಂದ. ಕಡ್ಡಿಯಿಂದ ವಾಲ್ವ್ ಒತ್ತಿ ನಾಲ್ಕೂ ಗಾಲಿಯ ಗಾಳಿ ಅರ್ಧಕ್ಕೆ ಇಳಿಸಿದ, ಕೈಯಿಂದಲೇ ಗಾಲಿಯ ಸುತ್ತಲಿನ ಉಸುಕು ತೆಗೆದ. ಗಾಡಿ ಹಿಂದಕ್ಕೆ, ತನ್ನದೇ ಜಾಡಿನಲ್ಲಿ, ಬೆಣ್ಣೆಯಲ್ಲಿ ಚಾಕು ಬಂದ ಹಾಗೆ ಬಂತು.

ಗೆದ್ದೆವು ಅಂದುಕೊಂಡೆವು. ಆದರೆ ನಮ್ಮ ಹತ್ತಿರ ಕಂಪ್ರೆಸರ್ ಇರಲಿಲ್ಲ! ಮೆತ್ತಗಾದ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಹೋದರೆ ಟೈರಿನ ಪಕ್ಕ ಕಾದು ಹರಿಯುತ್ತದೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಒಂಟೆ ಗಾಡಿಗಳಿಗೆ ದಾರಿ ಬಿಡುತ್ತಾ, ಪಂಕ್ಚರ್ ಅಂಗಡಿ ಸಿಗುವತನಕ ಹೋದೆವು. ಗಾಳಿ ಬಿಡುವುದನ್ನು ಕುರಿ ಕಾಯುವ ಹುಡುಗ ಕಲಿಸಿದ. ಗಾಳಿ ತುಂಬುವ ಲೆಕ್ಕ ನಾನು ಮನೆಯಲ್ಲೇ ಹಾಕಬೇಕಿತ್ತು. ಬಟ್ಟೆ ಅಂಗಡಿಯ ಹಿರಿಯರು ಹೇಳಿದ್ದು ಇದನ್ನೇ. ಇವತ್ತು ನಾನು ಹೇಳುವುದೆಲ್ಲ ಅದರ ವಿಸ್ತಾರವೇ. ಗಾಳಿ, ಎಣ್ಣೆ, ನೀರು, ಹೊತ್ತು, ಯಾವುದನ್ನೇ ತೊಗೊಳ್ಳಿ, ಹೊಳ್ಳಿ ಬರುವ ಲೆಕ್ಕವನ್ನು ಮೊದಲು ಹಾಕಿ.

ಗಾಳಿ ಇಳಿಸಿದರೆ ಏನಾಗುತ್ತದೆ? ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಗಾಲಿ ಉಸುಕನ್ನು ಕೊರೆಯುವ ಬದಲು ಅದರ ಮೇಲೆ ತೇಲುತ್ತದೆ. ಒಂಟೆಯ ಪಾದ ನೋಡಿ, ನೆಲಕ್ಕಿಟ್ಟ ಕೂಡಲೇ ರೊಟ್ಟಿಯ ಹಾಗೆ ಅಗಲವಾಗುತ್ತದೆ. ಅಲ್ಲಿಯ ಒಂಟೆ ಗಾಡಿಗಳಿಗೆ ಹಳೆಯ ವಿಮಾನದ ಟೈರು ಹಾಕಿರುತ್ತಾರೆ. ನಮ್ಮ ಕಬ್ಬಿಣದ ಪಟ್ಟಿಯ ಚಕ್ಕಡಿ ಅಲ್ಲಿ ಹತ್ತು ಮಾರು ಹೋಗಲಾರದು. 33ರಿಂದ 16–18ಕ್ಕೆ ಇಳಿಸಿ. ಗಾಡಿ ಹುಗಿದುಕೊಂಡರೆ ಮಾತ್ರ 12ರತನಕ. ಅಷ್ಟು ಇಳಿಸಿದ ಮೇಲೆ ಜೋರಾಗಿ ಹೊರಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಆದ್ದರಿಂದ ಸ್ಟೇರಿಂಗ್ ಮೇಲೆ ಕೈ ಹಗುರವಿರಲಿ.

ಎರಿ ಹೊಲದವರಿಗೆ ಇನ್ನೊಂದು ಮಾತು. ನವಲಗುಂದ, ಅಣ್ಣಿಗೇರಿ, ರೋಣದ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಮಳೆಯಾದ ಮೇಲೆ ಎರಿಯಲ್ಲಿ ಟ್ರ್ಯಾಕ್ಟರ್ ಹುಗಿದರೆ ಏನು ಮಾಡಬೇಕು ನಿಮಗೆ ಗೊತ್ತು: ಬಿಟ್ಟು ಬರಬೇಕು, ಎರಡು ದಿನ ಬಿಸಿಲು ಕಾಯಬೇಕು. ಉಸುಕಿನದು ತಲೆಕೆಳಗು. ಅಲ್ಲಿ ಹಸಿಯಿದ್ದರೆ ಗಟ್ಟಿ, ಒಣಗಿದರೆ ಮೆತ್ತಗೆ. ರಾತ್ರಿಯ ಇಬ್ಬನಿ ಕುಡಿದ ದಿಬ್ಬ ಬೆಳಿಗ್ಗೆ ಬಿಗಿಯಾಗಿರುತ್ತದೆ, ಹತ್ತರ ಮೇಲೆ ಹಿಟ್ಟಾಗುತ್ತದೆ. ಸೂರ್ಯ ನೆತ್ತಿಗೆ ಬಂದರೆ ನೆರಳಿರುವುದಿಲ್ಲ. ಏರು ಯಾವುದು, ಇಳಿತ ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ದಿಬ್ಬದ ಕೆಲಸ ಬೆಳಿಗ್ಗೆ ಮುಗಿಸಿ. ಜೈಸಲ್ಮೇರ್ ನಮಗಿಂತ ಬಹಳ ಪಶ್ಚಿಮಕ್ಕಿದೆ, ಚಳಿಗಾಲದಲ್ಲಿ ಹೊತ್ತು ಮೂಡುವುದೇ ಏಳೂವರೆಯ ಸುಮಾರಿಗೆ. ಕೈಯಲ್ಲಿರುವುದು ಎರಡು–ಮೂರು ತಾಸು, ಅಷ್ಟೇ.

ದಿಬ್ಬಕ್ಕೆ ಎರಡು ಮುಖ. ಗಾಳಿ ಬರುವ ಕಡೆ ನಿಧಾನ ಏರು, ಗಾಳಿ ಬೀಳುವ ಕಡೆ ಮೂವತ್ತು ಡಿಗ್ರಿಗೂ ಮೀರಿದ ಕಡಿದಾದ ಇಳಿತ. ನೆತ್ತಿಯ ಆಚೆ ಏನಿದೆ ಅಂತ ಗಾಡಿಯಲ್ಲಿ ಕೂತು ನೋಡಲು ಹೋಗಬೇಡಿ. ಇಳಿದು ನಡೆದು ನೋಡಿ. ಬೇಸರವಾದರೂ ನೋಡಿ. ಏರುವಾಗಲೂ ಇಳಿಯುವಾಗಲೂ ನೇರ ಹೋಗಿ. ಅಡ್ಡ ಹಾಯ್ದರೆ ಗಾಡಿ ಮಗ್ಗುಲಾಗುತ್ತದೆ. ನಿಲ್ಲಬೇಕೆಂದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ಹೊರಡುವಾಗ ಭೂಮಿಯೇ ಎಳೆದುಕೊಳ್ಳುತ್ತದೆ. ಬ್ರೇಕ್ ಒತ್ತಬೇಡಿ, ಗಾಲಿಯ ಮುಂದೆ ಉಸುಕಿನ ಒಡ್ಡು ಬೀಳುತ್ತದೆ. ಆಕ್ಸಲರೇಟರ್ ಬಿಟ್ಟರೆ ಸಾಕು, ಉಸುಕೇ ನಿಲ್ಲಿಸುತ್ತದೆ. ಇದನ್ನೆಲ್ಲ ಮಾಡಲು ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ) ಇರಬೇಕೇ ಅಂದರೆ, ದಿಬ್ಬಕ್ಕೆ ಇರಬೇಕು. ಹೆಸರು ಥಾರ್ ಅಂತ ಇದ್ದ ಮಾತ್ರಕ್ಕೆ ಗಾಡಿಗೆ ಥಾರ್ ಗೊತ್ತಿರುತ್ತದೆ ಅಂತಲ್ಲ. ಹೊಸ ಗಾಡಿಗೆ ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿಕೊಂಡು ಹೊರಡುವ ಹುಡುಗರಿಗೆ ನನ್ನ ವಿನಂತಿ: 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ನಿಷೇಧಿಸಿ ಪತ್ರ ಹೊರಡಿಸಿದೆ. ಆ ದುಡ್ಡಿಗೆ ಒಂದು ಒಳ್ಳೆ ಕಂಪ್ರೆಸರ್ ಬರುತ್ತದೆ.

ಹುಗಿದ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಯುವಾಗ ಹಗ್ಗವನ್ನು ಚಾಸಿಗೆ ಕೂಡಿಸಿದ ಎಳೆಯುವ ಕೊಕ್ಕೆಗೇ ಹಾಕಿ. ಟ್ರೇಲರ್ ಎಳೆಯಲು ಹಿಂದೆ ಹಾಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಎಂದೂ ಹಾಕಬೇಡಿ. ಅದು ಮುರಿದರೆ ತೋಪಿನ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಬಿಗಿಯಾದ ಹಗ್ಗದ ಮೇಲೆ ಒಂದು ತೊಯ್ದ ಗೋಣಿಚೀಲ ಹಾಕಿ, ಎಲ್ಲರೂ ದೂರ ನಿಲ್ಲಿ. ವಿಡಿಯೊ ಮಾಡುವವರು ಇನ್ನೂ ದೂರ.

ಈ ವಿದ್ಯೆಗೆ ಒಂದು ಹಳೆಯ ಕಥೆ ಇದೆ. 1920ರ ದಶಕದ ಕೊನೆಯಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಈಜಿಪ್ಟ್, ಲಿಬಿಯಾದ ಮರುಭೂಮಿಯಲ್ಲಿ ಫೋರ್ಡ್ ಕಾರು ಓಡಿಸಿದ. ಟೈರಿನ ಗಾಳಿ ಇಳಿಸುವುದು, ಗಾಲಿಯ ಕೆಳಗೆ ಉಕ್ಕಿನ ತಗಡು ಕೊಡುವುದು, ಕುದಿಯುವ ರೇಡಿಯೇಟರಿನ ಹಬೆಯನ್ನು ಹಿಡಿದು ಮತ್ತೆ ನೀರು ಮಾಡಿಕೊಳ್ಳುವುದು, ಇವನ್ನೆಲ್ಲ ಪಳಗಿಸಿದವರಲ್ಲಿ ಅವನೇ ಮುಂದಿನವ. ಆಮೇಲೆ ಉಸುಕು ಹೇಗೆ ಹಾರುತ್ತದೆ ಅಂತ ಅಳೆದು ವಿಜ್ಞಾನವನ್ನೂ ಬರೆದ. ನಮ್ಮ ನಾಲ್ಕು ಗೋಣಿಚೀಲ ಅವನ ಉಕ್ಕಿನ ತಗಡಿನ ಬಡ ಸಂಬಂಧಿಕರು. ಗಾಲಿಯ ಮುಂದೆ ಹಾಸಿದರೆ ಬಹಳ ಸಲ ಅಷ್ಟರಲ್ಲೇ ಕೆಲಸವಾಗುತ್ತದೆ.

ಈಗ ಎಣ್ಣೆಯ ಲೆಕ್ಕ. ಹೆದ್ದಾರಿಯಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ಗಾಡಿ ಉಸುಕಿನಲ್ಲಿ ನಾಲ್ಕು ಕೊಟ್ಟೀತು. ಎಂಬತ್ತು ಕಿಲೋಮೀಟರಿಗೆ ಇಪ್ಪತ್ತು ಲೀಟರ್ ಆಯಿತು. ಹಾದಿ ತಪ್ಪಿದರೆ ಅಂತ ಅದರ ಅರ್ಧ ಮತ್ತೆ ಸೇರಿಸಿ: ಮೂವತ್ತು. ಟ್ಯಾಂಕಿನಲ್ಲಿ ಅಷ್ಟಿಲ್ಲದೆ ಡಾಂಬರು ಬಿಡಬೇಡಿ. ಮೂರನೇ ಒಂದು ಪಾಲು ಹೋಗಲು, ಮೂರನೇ ಒಂದು ಪಾಲು ಬರಲು, ಉಳಿದದ್ದು ದೇವರಿಗೆ ಅನ್ನುತ್ತೇನೆ ನಾನು.

ನೀರಿನದು ಇನ್ನೂ ಕಟ್ಟುನಿಟ್ಟು. ಚಳಿಗಾಲದಲ್ಲೂ ಒಬ್ಬರಿಗೆ ದಿನಕ್ಕೆ ಕುಡಿಯಲು ಐದು ಲೀಟರ್, ಅಡುಗೆ–ಕೈಕಾಲಿಗೆ ಮೂರು. ನಾಲ್ಕು ಜನ, ಎರಡು ದಿನ ಅಂದರೆ 64. ಮೇಲೆ ಒಂದು ದಿನದ್ದು ಹೆಚ್ಚಿಗೆ, ಒಟ್ಟು 96. ರೇಡಿಯೇಟರಿಗೆ ಅಂತ ಹತ್ತು. ಇಷ್ಟನ್ನೂ ಒಂದೇ ಡ್ರಮ್ಮಿನಲ್ಲಿ ತುಂಬಬೇಡಿ. ಎರಡನೇ ಪ್ರವಾಸದಲ್ಲಿ ಇಪ್ಪತ್ತು ಲೀಟರಿನ ಕ್ಯಾನೊಂದು ಒಡೆದು ನೀರೆಲ್ಲ ಹಾಸಿಗೆ ಕುಡಿಯಿತು. ಉಳಿದ ನಾಲ್ಕು ಕ್ಯಾನ್ ಬೇರೆ ಬೇರೆ ಇದ್ದುದರಿಂದ ಬರೀ ಹಾಸಿಗೆ ಹಸಿಯಾದದ್ದರಲ್ಲಿ ಮುಗಿಯಿತು. ನೂರು ಲೀಟರ್ ಅಂದರೆ ನೂರು ಕಿಲೋ, ಒಬ್ಬ ದಪ್ಪ ಮನುಷ್ಯ. ಅವನನ್ನು ಟಪ್ಪಿನ ಮೇಲೆ ಕೂರಿಸಬೇಡಿ, ಕೆಳಗೆ ಕೂರಿಸಿ.

ಅಲ್ಲಿ ಹೊಲದ ನಡುವೆ, ಮನೆಯ ಅಂಗಳದಲ್ಲಿ ಮುಚ್ಚಳ ಹಾಕಿದ ದುಂಡನೆಯ ತೊಟ್ಟಿಗಳು ಕಾಣುತ್ತವೆ. ಟಾಂಕಾ ಅನ್ನುತ್ತಾರೆ. ಸುತ್ತಲಿನ ನೆಲವನ್ನು ಇಳಿಜಾರು ಮಾಡಿ, ಬಿದ್ದ ಮಳೆಯನ್ನೆಲ್ಲ ಅದಕ್ಕೆ ಇಳಿಸುತ್ತಾರೆ. ವರ್ಷಕ್ಕೆ ಬೀಳುವುದೇ ಕಡಿಮೆ. ತೊಟ್ಟಿಯಲ್ಲಿರುವುದು ಒಂದು ಮನೆಯ ವರ್ಷದ ನೀರು. ಕಳಸಾ–ಬಂಡೂರಿ ಅಂತ ರಸ್ತೆಗಿಳಿದ ಸೀಮೆಯವರು ನಾವು, ಬೋರು ಹೊಡೆದರೆ ಸವಳು ನೀರು ಬರುವ ಊರಿನವರೂ ಇಲ್ಲಿದ್ದೀರಿ. ಆದರೂ ಅಲ್ಲಿ ಹೋದಾಗ ನಮ್ಮವರೇ ಆ ತೊಟ್ಟಿಯ ಹತ್ತಿರ ಹೋಗಿ ಗಾಡಿಯ ಗಾಜು ತೊಳೆದದ್ದನ್ನು ನಾನು ನೋಡಿದ್ದೇನೆ. ನನಗೆ ನಾಚಿಕೆಯಾಯಿತು, ಅವರಿಗೆ ಆಗಲಿಲ್ಲ.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಭಾರತದಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣತೆ 51 ಡಿಗ್ರಿ, 2016ರ ಮೇ 19ರಂದು, ಅಲ್ಲೇ ಜೋಧಪುರ–ಜೈಸಲ್ಮೇರ್ ಹಾದಿಯ ಫಲೋದಿಯಲ್ಲಿ. ಬೇಸಿಗೆಯ ರಜೆ ಸಿಗುತ್ತದೆ ಅಂತ ಮಕ್ಕಳನ್ನು ಕರೆದುಕೊಂಡು ಮೇ ತಿಂಗಳಲ್ಲಿ ಹೊರಡುವವರು ದಾಂಡೇಲಿಗೆ ಹೋಗಿ.

ಮಳೆಗಾಲದ ಕಥೆ ಬೇರೆ. ಮರುಭೂಮಿಯಲ್ಲಿ ಪ್ರವಾಹ ಅಂದರೆ ನಗುತ್ತಾರೆ. 2006ರ ಆಗಸ್ಟಿನಲ್ಲಿ ಬಾಡಮೇರ್ ಜಿಲ್ಲೆಯ ಕವಾಸ್ ಊರು ಮುಳುಗಿತು. ಅಲ್ಲಿ ನೆಲದ ಕೆಳಗೆ ಜಿಪ್ಸಂ ಪದರ ಇದೆ. ನೀರು ಇಂಗದೆ ವಾರಗಟ್ಟಲೆ ನಿಂತಿತು. ಬೆಣ್ಣೆಹಳ್ಳದ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಶಿಗ್ಗಾಂವಿಯ ಕಡೆ ಮಳೆ, ನಿಮ್ಮ ಹೊಲದ ಮೇಲೆ ಆಕಾಶ ನಿರ್ಮಳ, ರಾತ್ರಿ ಹಳ್ಳ ಮನೆ ಬಾಗಿಲಿಗೆ. ಟೆಂಟು ಹಾಕಲು ಚಂದ ಕಾಣುವ ಸಪಾಟು ಉಸುಕಿನ ಜಾಗ ಎಷ್ಟೋ ಸಲ ಒಣ ಹಳ್ಳದ ತಳವೇ ಆಗಿರುತ್ತದೆ. ಪಕ್ಕದ ಮುಳ್ಳುಕಂಟಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದೆಯೇ ನೋಡಿ. ಇದ್ದರೆ ಅಷ್ಟು ಎತ್ತರಕ್ಕೆ ನೀರು ಬಂದು ಹೋಗಿದೆ.

ಕಛ್‌ನ ರಣ ಉಸುಕಲ್ಲ, ಅದನ್ನು ಬೇರೆಯೇ ಹೇಳಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಉಪ್ಪಿನ ಬಯಲು. ಚಳಿಗಾಲಕ್ಕೆ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ, ಕಾಸಿದ ಹಾಲಿನ ಮೇಲಿನ ಕೆನೆಯಂತೆ. ಕೆಳಗೆ ಕಪ್ಪು ಕೆಸರು. ಗಾಡಿ ಕೆನೆ ಒಡೆದು ಕೂತರೆ ಆ ಕೆಸರು ನಮ್ಮ ಎರಿಗಿಂತ ಮೊಂಡು, ಮೇಲಿಂದ ಉಪ್ಪು ಗಾಡಿಯ ಕಬ್ಬಿಣ ತಿನ್ನುತ್ತದೆ. ಉಪ್ಪು ತೆಗೆಯುವ ಅಗರಿಯಾ ಜನ ಓಡಾಡಿದ ಜಾಡು ಬಿಟ್ಟು ಒಂದು ಮಾರು ಆಚೆ ಹೋಗಬೇಡಿ. ಸಣ್ಣ ರಣದ ಬಹುಪಾಲು ಕಾಡುಕತ್ತೆಗಳ ಅಭಯಾರಣ್ಯ. ಧೋರಡೋ ಕಡೆಯ ಬಿಳಿ ರಣಕ್ಕೆ ಪರವಾನಗಿ ಬೇಕು.

ಪರವಾನಗಿ ಅಂದ ಮೇಲೆ ಇದೂ ಬಂತು. ಜೈಸಲ್ಮೇರಿನ ಪಶ್ಚಿಮಕ್ಕೆ ಪಾಕಿಸ್ತಾನದ ಗಡಿ. ತನೋಟ್ ಮಾತೆಯ ಗುಡಿ, 1971ರ ಯುದ್ಧದ ಲೋಂಗೆವಾಲಾ, ಇವಕ್ಕೆ ಡಾಂಬರಿದೆ, ಹೋಗಬಹುದು. ಗುಡಿಯಾಚೆ ಗಡಿಯತನಕ ಹೋಗಲು ಅನುಮತಿ ಬೇಕು. ಹಾದಿ ಬಿಟ್ಟು ಉಸುಕಿಗಿಳಿಯುವವರು ಜಿಲ್ಲಾಡಳಿತವನ್ನೂ ಹತ್ತಿರದ ಠಾಣೆಯನ್ನೂ ಕೇಳಿಯೇ ಇಳಿಯಿರಿ. ಪೋಖ್ರಾಣದ ಸೇನಾ ಗುಂಡಿನ ಅಭ್ಯಾಸದ ಬಯಲಿಗೆ ತಪ್ಪಿಯೂ ಹೋಗಬೇಡಿ, ಸಿಡಿಯದೆ ಉಳಿದ ಮದ್ದುಗುಂಡು ಅಲ್ಲಿ ಬಿದ್ದಿರುತ್ತದೆ. ಸ್ಯಾಟಲೈಟ್ ಫೋನ್ ಒಯ್ಯಬಹುದೇ ಅಂತ ಕೇಳುತ್ತಾರೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗಡಿಯಲ್ಲಿ ಡ್ರೋನ್ ಹಾರಿಸುವುದರ ಬಗ್ಗೆ ಕೇಳಲೂ ಬೇಡಿ.

ಹಾಗಾದರೆ ಫೋನ್ ಸಿಗ್ನಲ್ ಇಲ್ಲದ ಕಡೆ ಏನು ಗತಿ? ಒಂದು ಚೀಟಿ. ಹೊರಡುವ ಮುಂಚೆ ಹಾದಿ, ಗಾಡಿಯ ನಂಬರು, ಯಾರಾರು ಇದ್ದೇವೆ, ಎಲ್ಲಿ ಮಲಗುತ್ತೇವೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇವೆ, ಮಾಡದಿದ್ದರೆ ಎಷ್ಟು ಹೊತ್ತಿಗೆ 112ಕ್ಕೆ ಹೇಳಬೇಕು, ಇಷ್ಟನ್ನು ಬರೆದು ಮನೆಯಲ್ಲಿ ಕೊಟ್ಟು ಹೋಗುತ್ತೇನೆ. ನಮ್ಮ ಮನೆಯವರು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸುತ್ತಾರೆ. ಒಂದು ಸಲ ಒಂದು ತಾಸು ತಡವಾಯಿತು. ಸಿಗ್ನಲ್ ಬಂದ ಕೂಡಲೇ ಫೋನ್ ಮಾಡಿದರೆ, "ಇನ್ನ ಹತ್ತು ಮಿನಿಟ ಬಿಟ್ಟಿದ್ರ ಪೊಲೀಸರಿಗೆ ಹಚ್ಚತಿದ್ದೆ" ಅಂದರು. ಹಚ್ಚುತ್ತಿದ್ದರು, ಅನುಮಾನವೇ ಇಲ್ಲ. ಅಂಥವರ ಕೈಯಲ್ಲೇ ಚೀಟಿ ಇರಬೇಕು.

ರಾತ್ರಿಯ ವಿಷಯ ಬೇಗ ಮುಗಿಸುತ್ತೇನೆ. ಟೆಂಟಿನ ಗೂಟ ಉಸುಕಿನಲ್ಲಿ ನಿಲ್ಲುವುದಿಲ್ಲ. ಚೀಲದಲ್ಲಿ ಉಸುಕು ತುಂಬಿ, ಹಗ್ಗ ಕಟ್ಟಿ, ಮೊಳ ಆಳದಲ್ಲಿ ಹುಗಿಯಿರಿ. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಚಳಿ ನೀರಿನಂತೆ ಬಂದು ನಿಲ್ಲುತ್ತದೆ, ಸ್ವಲ್ಪ ಎತ್ತರದಲ್ಲಿ ಮಲಗಿ. ಹಗಲು ಅಂಗಿ ಬಿಚ್ಚುವ ಬಿಸಿಲು, ನಸುಕಿನಲ್ಲಿ ಎರಡು ಕಂಬಳಿ. ಬೂಟನ್ನು ಜಾಡಿಸಿಯೇ ಹಾಕಿಕೊಳ್ಳಿ: ಚೇಳು ಇದೆ, ಗರಗಸ ಮಂಡಲದ ಹಾವೂ ಇದೆ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ. ಅದಕ್ಕೇ ನಾನು ಆಸ್ಪತ್ರೆ ಎರಡು ತಾಸಿಗಿಂತ ದೂರವಿರುವ ಕಡೆ ಮಲಗುವುದಿಲ್ಲ. ಆಸ್ಪತ್ರೆ ಹತ್ತಿರವಿರುವ ಕಡೆಯೂ ಚುಕ್ಕೆ ಅಷ್ಟೇ ಕಾಣುತ್ತವೆ.

ಬೆಂಕಿಯ ಬಗ್ಗೆ ಮಾತ್ರ ಅವಸರ ಮಾಡುವುದಿಲ್ಲ. ಅಲ್ಲಿಯವರು ಖೇಜಡಿ ಅನ್ನುವ ಮರ ಇದೆಯಲ್ಲ, ಅದು ನಮ್ಮ ಬನ್ನಿ. ದಸರೆಯಲ್ಲಿ "ಬನ್ನಿ ತೊಗೊಂಡು ಬಂಗಾರದಾಂಗ ಇರೂಣು" ಅಂತ ಒಬ್ಬರಿಗೊಬ್ಬರು ಕೊಡುತ್ತೇವಲ್ಲ, ಅದೇ ಬನ್ನಿ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಹಳ್ಳಿಗೆ ಅರಸನ ಆಳುಗಳು ಈ ಮರ ಕಡಿಯಲು ಬಂದರು. ಅಮೃತಾದೇವಿ ಎಂಬ ಹೆಣ್ಣುಮಗಳು ಮರ ಅಪ್ಪಿ ನಿಂತಳು. ಅವಳ ಬೆನ್ನಿಗೆ ಬಿಷ್ಣೋಯಿ ಜನ. 363 ಮಂದಿ ಕಡಿಸಿಕೊಂಡು ಸತ್ತರು. ಆ ಮರದ ಎಳೆಗಾಯಿಯೇ ಸಾಂಗರಿ, ಅಲ್ಲಿಯ ಪಲ್ಲೆ; ಎಲೆ ಆಡಿಗೆ, ನೆರಳು ಹೊಲಕ್ಕೆ. ಓರಣ ಅಂತ ದೇವರ ಹೆಸರಿನಲ್ಲಿ ಬಿಟ್ಟ ಕಾವಲುಗಳಿವೆ, ಅಲ್ಲಿ ಕಟ್ಟಿಗೆ ಮುರಿಯುವಂತೆಯೇ ಇಲ್ಲ. ನಮ್ಮ ಕ್ಯಾಂಪ್ ಫೈರಿಗೆ ಈ ಮರದ ಟೊಂಗೆ ಮುರಿದು, ಊರಿಗೆ ಬಂದು ದಸರೆಯಲ್ಲಿ ಬನ್ನಿ ಹಂಚಿದರೆ ಅದು ಯಾವ ಬಂಗಾರ? ಸಣ್ಣ ಗ್ಯಾಸ್ ಒಲೆ ಒಯ್ಯಿರಿ. ಬೆಂಕಿ ಬೇಕೇ ಬೇಕೆಂದರೆ ಪೇಟೆಯಲ್ಲಿ ಇದ್ದಿಲು ಕೊಂಡು, ತಗಡಿನ ಬುಟ್ಟಿಯಲ್ಲಿ ಹಚ್ಚಿ, ಬೂದಿ ತುಂಬಿಕೊಂಡು ಬನ್ನಿ.

ಅದೇ ಕಾರಣಕ್ಕೆ ಹುಲ್ಲಿನ ಮೇಲೆ ಗಾಡಿ ಹೊಡೆಯಬೇಡಿ ಅನ್ನುತ್ತೇನೆ. ಥಾರ್ ಎಲ್ಲ ಬೋಳು ಉಸುಕಲ್ಲ. ಸೇವಣ್ ಅನ್ನುವ ಹುಲ್ಲು ಬೇರು ಬಿಟ್ಟು ನೆಲ ಹಿಡಿದುಕೊಂಡಿರುತ್ತದೆ. ಗೋಡಾವಣ್, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ಕಾವಲಿನಲ್ಲಿ ಒಂದು ಕಾಲಕ್ಕೆ ಅದೂ ಕಾಣುತ್ತಿತ್ತು. ಈಗ ಅವು ಹೆಚ್ಚಾಗಿ ಉಳಿದಿರುವುದು ಜೈಸಲ್ಮೇರ್ ಸೀಮೆಯಲ್ಲಿ, ಅಲ್ಲಿಯ ಡೆಸರ್ಟ್ ನ್ಯಾಷನಲ್ ಪಾರ್ಕಿನ ಕಡೆ.

ಕೊನೆಗೆ ಪ್ರಶ್ನೆಗಳು. ಕೃಷಿ ಓದುವ ಹುಡುಗಿಯೊಬ್ಬಳು, "ಸರ್, ನಮ್ಮ ಹತ್ರ ಗಾಡೀನ ಇಲ್ಲ, ನಾವೇನ್ ಮಾಡೂದು?" ಅಂದಳು. ಹುಬ್ಬಳ್ಳಿಯ ಮೇಲೆ ಹಾಯುವ ಬೆಂಗಳೂರು–ಜೋಧಪುರ ರೈಲು ಹತ್ತಿ, ಅಲ್ಲಿಂದ ಬಸ್ಸು, ಖುರಿಯಿಂದ ಒಂಟೆ. ಒಂಟೆಗೆ ಗಾಳಿ ಇಳಿಸುವುದೂ ಬೇಡ, ತುಂಬುವುದೂ ಬೇಡ. ಇನ್ನೊಬ್ಬರು, ಅಭ್ಯಾಸ ಎಲ್ಲಿ ಮಾಡಬೇಕು ಅಂದರು. ನಿಮ್ಮದೇ ಹೊಲದಲ್ಲಿ. ಒಂದು ರಾತ್ರಿ ಅಣ್ಣಿಗೇರಿಯ ಹೊಲದಲ್ಲಿ, ತಂದ ನೀರಿನಲ್ಲೇ, ಮನೆಗೆ ಫೋನ್ ಮಾಡದೆ ಇದ್ದು ಬನ್ನಿ. ಏನು ಮರೆತಿದ್ದೀರಿ ಅಲ್ಲೇ ಗೊತ್ತಾಗುತ್ತದೆ. ನಾನು ಮೊದಲ ಸಲ ಕಡ್ಡಿಪೆಟ್ಟಿಗೆ ಮರೆತಿದ್ದೆ.

ಪಂಕ್ಚರ್ ಅಂಗಡಿ ಅಂದ ಹಿರಿಯರು ಕೈ ಎತ್ತಿದರು. "ಎಲ್ಲಾ ಹೇಳಿದ್ರಿ. ರೊಟ್ಟಿ ಎಷ್ಟ್ ಒಯ್ಯೂದು ಹೇಳ್ಲಿಲ್ಲ."

ಒಬ್ಬರಿಗೆ ಹೊತ್ತಿಗೆ ಮೂರು. ಗಾಳಿ ಆಡದ ಡಬ್ಬಿಯಲ್ಲಿಟ್ಟರೆ ಖಡಕ್ ರೊಟ್ಟಿ ಹದಿನೈದು ದಿನ ಕೆಡುವುದಿಲ್ಲ, ಆದರೆ ಉಸುಕಿನ ಕುಲುಕಾಟಕ್ಕೆ ಪುಡಿಯಾಗುತ್ತದೆ. ಆದ್ದರಿಂದ ನಡುವೆ ಬಟ್ಟೆ ಹಾಕಿ ನಿಲ್ಲಿಸಿ ಇಡಿ, ಮಲಗಿಸಬೇಡಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೇರೆ ಬೇರೆ. ಮೊಸರು ಅಲ್ಲಿ ಹಳ್ಳಿಯಲ್ಲಿ ಕೇಳಿದರೆ ಕೊಡುತ್ತಾರೆ. ಬದಲಿಗೆ ನಾಲ್ಕು ರೊಟ್ಟಿ ಕೊಟ್ಟು ಬನ್ನಿ. ಸಜ್ಜೆ ರೊಟ್ಟಿ ತಿನ್ನುವ ಜನ, ಜೋಳದ್ದು ಎಷ್ಟು ತೆಳ್ಳಗಿದೆ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ.